ಸಂಖ್ಯೆಯೂ ಸತ್ಯವೂ

ಹಳೆಯ ವಾಹನ ಕೊಳ್ಳುವಾಗ ನಾವೆಲ್ಲ ಆರ್‌ಸಿಯಲ್ಲಿರುವ ಎಂಜಿನ್ ನಂಬರನ್ನು ಎಂಜಿನ್ನಿನ ಮೇಲಿರುವ ನಂಬರಿನೊಂದಿಗೆ ಹೋಲಿಸಿ ನೋಡುತ್ತೇವೆ. ಎರಡೂ ಒಂದೇ ಆಗಿದ್ದರೆ ನಮಗೆ ನೆಮ್ಮದಿ. ಆದರೆ ಸಂಖ್ಯೆ ಸರಿಯಿದ್ದ ಮಾತ್ರಕ್ಕೆ ವಸ್ತು ಅಸಲಿಯಾಗುತ್ತದೆಯೇ? ಹಳೆಯ ಸ್ಪೋರ್ಟ್ಸ್ ಕಾರುಗಳ ಮಾರುಕಟ್ಟೆಯಲ್ಲಿ ಇದು ದೊಡ್ಡ ಮೊತ್ತದ ಪ್ರಶ್ನೆ. ನೈತಿಕತೆಯ ಪ್ರಶ್ನೆಯೂ ಹೌದು.

ಅಮೆರಿಕದಲ್ಲಿ ತಯಾರಾದ 1967ರ ಷೆವರ್ಲೆ ಕಾರ್ವೆಟ್ ಕಾರನ್ನೇ ತೆಗೆದುಕೊಳ್ಳೋಣ. ಅದರ ಎಂಜಿನ್ನಿನಲ್ಲಿ ಎರಡು ಬಗೆಯ ಗುರುತುಗಳಿವೆ. ಮೊದಲನೆಯದು ಎರಕ ಹೊಯ್ಯುವಾಗಲೇ ಮೂಡಿದ ದಿನಾಂಕ. ‘ಸಿ 14 7’ ಎಂದಿದ್ದರೆ ‘ಸಿ’ ಮೂರನೆಯ ತಿಂಗಳು; ಅಂದರೆ ಮಾರ್ಚ್ 14, ವರ್ಷದ ಕೊನೆಯ ಅಂಕಿ 7. ಎರಡನೆಯದು ಎಂಜಿನ್ನಿನ ಮುಂಭಾಗದ ಸಪಾಟು ಜಾಗದಲ್ಲಿ ಪಂಚ್ ಹೊಡೆದದ್ದು: ಕಾರ್ಖಾನೆಯ ಅಕ್ಷರ, ಜೋಡಣೆಯ ತಿಂಗಳು ಮತ್ತು ದಿನ, ಎಂಜಿನ್ನಿನ ಬಗೆ ತಿಳಿಸುವ ಎರಡಕ್ಷರ, ಜೊತೆಗೆ ಆ ಕಾರಿನ ಕ್ರಮಸಂಖ್ಯೆ. ಮೊದಲು ಎರಕ, ಅನಂತರ ಜೋಡಣೆ, ಕೊನೆಗೆ ಕಾರು. ಈ ಕ್ರಮ ತಪ್ಪಿದರೆ ಆ ಎಂಜಿನ್ ಈ ಕಾರಿನದಲ್ಲ.

ಎಲ್ಲವೂ ಹೊಂದಿಕೊಂಡರೆ ಕಾರಿನ ಬೆಲೆ ಬಹಳ ಏರುತ್ತದೆ. ಅತಿಯಾಸೆ ಹುಟ್ಟುವುದೂ ಇಲ್ಲಿಯೇ. ಬೇರೆ ಎಂಜಿನ್ ತಂದು, ಅದರ ಸಂಖ್ಯೆಯನ್ನು ಉಜ್ಜಿ ತೆಗೆದು, ತಮಗೆ ಬೇಕಾದದ್ದನ್ನು ಹೊಡೆಯುವವರಿದ್ದಾರೆ. ಆದರೆ ಕಾರ್ಖಾನೆಯ ಯಂತ್ರ ಆ ಜಾಗವನ್ನು ಸಪಾಟುಗೊಳಿಸುವಾಗ ಸಣ್ಣ ಸಣ್ಣ ಗೆರೆಗಳನ್ನು ಉಳಿಸಿರುತ್ತದೆ. ಉಜ್ಜಿದರೆ ಅವೂ ಅಳಿಯುತ್ತವೆ. ಬಲ್ಲವರು ಅಂಕಿಗಳನ್ನಷ್ಟೇ ಅಲ್ಲ, ಅಂಕಿಗಳಡಿಯ ಲೋಹವನ್ನೂ ಓದುತ್ತಾರೆ.

ಅದೇ ಮಾದರಿಯ, ಅದೇ ಶಕ್ತಿಯ ಎಂಜಿನ್. ಕಾರೂ ಅಷ್ಟೇ ಚೆನ್ನಾಗಿ ಓಡುತ್ತದೆ. ಹಾಗಿರುವಾಗ ಯಾರಿಗೆ ನಷ್ಟ ಎಂದು ಕೇಳಬಹುದು. ಇನ್ನೂ ಕಠಿಣವಾದ ಸಂದರ್ಭವೊಂದಿದೆ. ರಿಪೇರಿಗಾಗಿ ಗ್ರೈಂಡಿಂಗ್ ಮಾಡುವಾಗ ಅಸಲಿ ಎಂಜಿನ್ನಿನ ಸಂಖ್ಯೆಯೂ ಅಳಿದು ಹೋಗಬಹುದು. ಅದೇ ಸಂಖ್ಯೆಯನ್ನು ಮಾಲೀಕ ಮತ್ತೆ ಹೊಡೆಸಿದರೆ ತಪ್ಪೇ? ಹೊಡೆಸಿದ್ದನ್ನು ಕೊಳ್ಳುವವನಿಗೆ ತಿಳಿಸಿದರೆ ತಪ್ಪಿಲ್ಲ, ಮುಚ್ಚಿಟ್ಟರೆ ತಪ್ಪು. ಏಕೆಂದರೆ ಆ ಸಂಖ್ಯೆ ಕಾರ್ಖಾನೆ ನುಡಿದ ಸಾಕ್ಷ್ಯ. ಇನ್ನೊಬ್ಬರ ಸಾಕ್ಷ್ಯವನ್ನು ಅವರ ಹೆಸರಿನಲ್ಲಿ ನಾವೇ ನುಡಿಯುವಂತಿಲ್ಲ, ವಿಷಯ ನಿಜವಾಗಿದ್ದರೂ ಸಹ.

ಇಂತಹದೇ ಪ್ರಶ್ನೆ 1990ರಲ್ಲಿ ಲಂಡನ್ನಿನ ಹೈಕೋರ್ಟಿನ ಮುಂದೆ ಬೇರೆ ರೂಪದಲ್ಲಿ ಬಂತು. 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ಓಟ ಗೆದ್ದಿದ್ದ ಬೆಂಟ್ಲಿ ‘ಓಲ್ಡ್ ನಂಬರ್ ಒನ್’ ಕಾರನ್ನು ಕೊಳ್ಳಲು ಒಪ್ಪಿದ್ದ ಕಂಪೆನಿಯೊಂದು, ಇದು ಆ ಕಾರೇ ಅಲ್ಲವೆಂದು ಹಿಂದೆ ಸರಿಯಿತು. ನಿಜಕ್ಕೂ ಗೆದ್ದಾಗಿನ ಎಂಜಿನ್ ಅದರಲ್ಲಿರಲಿಲ್ಲ. ಚಾಸಿಸ್ ಕೂಡ 1932ರಲ್ಲಿ ಅದು ಓಡಿದ ರೂಪಕ್ಕೆ ಸೇರಿದ್ದು. ನ್ಯಾಯಮೂರ್ತಿ ಆಟನ್ ಇದೆಲ್ಲವನ್ನೂ ಒಪ್ಪಿಕೊಂಡರು. ಆದರೂ ಆ ಕಾರಿನ ಚರಿತ್ರೆ ಎಲ್ಲಿಯೂ ಕಡಿದು ಹೋಗಿಲ್ಲ, ಆದ್ದರಿಂದ ಆ ಹೆಸರಿಗೆ ಅದು ಅರ್ಹವೆಂದು ತೀರ್ಪಿತ್ತರು.

ಎಂಜಿನ್ ಬದಲಾದ ಕಾರು ತನ್ನ ಹೆಸರನ್ನು ಉಳಿಸಿಕೊಂಡಿತು. ಸಂಖ್ಯೆ ತಿದ್ದಿದ ಕಾರಿಗಾದರೋ ಎಲ್ಲ ಅಂಕಿಗಳು ಹೊಂದಿಕೊಂಡರೂ ಆ ಮಾನವಿಲ್ಲ. ಬದಲಾವಣೆ ದೋಷವಲ್ಲ, ಅದನ್ನು ಮರೆಮಾಚುವುದೇ ದೋಷ. ನಮ್ಮ ಬದುಕಿನಲ್ಲೂ ಬದಲಾದದ್ದು, ಮುರಿದದ್ದು, ಮತ್ತೆ ಜೋಡಿಸಿದ್ದು ಬಹಳಷ್ಟಿದೆ. ಅದನ್ನು ಉಜ್ಜಿ ಹೊಸ ಅಂಕಿ ಹೊಡೆಯುವ ಮೊದಲು, ಇದ್ದದ್ದನ್ನು ಇದ್ದಂತೆ ಹೇಳುವ ಧೈರ್ಯ ನಮಗಿದೆಯೇ ಎಂದು ಕೇಳಿಕೊಳ್ಳೋಣ.