ಹತ್ತಿರದ ದಾರಿಯ ದಣಿವು

ಕಾರಿನ ಬಾನೆಟ್ ಎತ್ತಿ, ಡಿಪ್‌ಸ್ಟಿಕ್ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ನೋಡುವ ಅಭ್ಯಾಸ ಇನ್ನೂ ಉಳಿದಿರುವ ಮನೆಗಳಿವೆ. ಮುಂಬಯಿಯ ದಹಿಸರ್‌ನ ಸೊಸೈಟಿಗಳ ಪಾರ್ಕಿಂಗ್‌ನಲ್ಲಿ ಭಾನುವಾರ ಬೆಳಿಗ್ಗೆ ಈ ಕೆಲಸದಲ್ಲಿ ತೊಡಗಿದವರು, ಹೆಚ್ಚಾಗಿ ನಿವೃತ್ತರು, ಕಾಣಸಿಗುತ್ತಾರೆ. ಎಣ್ಣೆ ಕೆಳಗಿನ ಗುರುತಿಗೆ ಇಳಿದಿದ್ದರೆ ಮುಖದಲ್ಲಿ ಚಿಂತೆ. ಮೇಲಿನ ಗುರುತನ್ನು ದಾಟಿದ್ದರೆ ಸಮಾಧಾನ: ಒಂದು ಹನಿಯೂ ಕಡಿಮೆಯಾಗಿಲ್ಲ, ಇಂಜಿನ್ ಗಟ್ಟಿಯಾಗಿದೆ ಎಂದು. ಆದರೆ ಯಾರೂ ಸುರಿಯದೆ ಎಣ್ಣೆ ಹೆಚ್ಚುವುದಾದರೂ ಹೇಗೆ? ಈಚಿನ ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಹೀಗೆ ಮಟ್ಟ ಏರಿದ್ದರೆ ಒಮ್ಮೆ ಆ ಕಡ್ಡಿಯನ್ನು ಮೂಗಿನ ಬಳಿ ಹಿಡಿದು ನೋಡಬೇಕು. ಪೆಟ್ರೋಲಿನ ವಾಸನೆ ಬಂದರೆ ವಿಷಯ ಸ್ಪಷ್ಟ. ಉರಿಯಬೇಕಾದ ಇಂಧನ ಉರಿಯದೆ ಇಳಿದು ಎಣ್ಣೆಯೊಳಗೆ ಸೇರಿಕೊಂಡಿದೆ.

ಹಿಂದಿನ ಕಾರುಗಳಲ್ಲಿ ಪೆಟ್ರೋಲನ್ನು ಸಿಲಿಂಡರಿನ ಹೊರಗೆ, ಗಾಳಿ ಬರುವ ದಾರಿಯಲ್ಲೇ ಸಿಂಪಡಿಸುತ್ತಿದ್ದರು. ಅದು ಗಾಳಿಯೊಡನೆ ಬೆರೆತು ಒಳಗೆ ಹೋಗುತ್ತಿತ್ತು. ಈಗಿನ ಹಲವು ಟರ್ಬೊ ಕಾರುಗಳಲ್ಲಿರುವ ಡೈರೆಕ್ಟ್ ಇಂಜೆಕ್ಷನ್ ಇಂಜಿನ್ನಿನಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮುತ್ತದೆ, ಅದೂ 200 ಬಾರ್ ಆಸುಪಾಸಿನ ಒತ್ತಡದಲ್ಲಿ. ಕಾರಿನ ಟಯರಿನಲ್ಲಿರುವ ಒತ್ತಡದ ಸುಮಾರು ನೂರು ಪಟ್ಟು. ಹ್ಯುಂಡೈ ವೆನ್ಯೂ, ಕಿಯಾ ಸೆಲ್ಟೋಸ್‌ಗಳು 2019ರಲ್ಲಿ ಬಂದ ಮೇಲೆ ಇಂಥ ಇಂಜಿನ್ ನಮ್ಮಂಥ ಸಂಸಾರಸ್ಥರ ಪಾರ್ಕಿಂಗಿಗೂ ಬಂತು. ಲಾಭ ನಿಜವಾದದ್ದೇ. ಸಣ್ಣ ಇಂಜಿನ್ನಿನಿಂದ ದೊಡ್ಡ ಶಕ್ತಿ ಸಿಗುತ್ತದೆ, ಇಂಧನವೂ ಉಳಿಯುತ್ತದೆ. ಆದರೆ ಇಂಜಿನ್ ತಣ್ಣಗಿರುವಾಗ ಚಿಮ್ಮಿದ ಹನಿಗಳೆಲ್ಲ ಆವಿಯಾಗುವುದಿಲ್ಲ. ಕೆಲವು ಸಿಲಿಂಡರಿನ ಗೋಡೆಗೆ ಅಂಟಿ, ಅಲ್ಲಿನ ಎಣ್ಣೆಯ ತೆಳು ಪದರವನ್ನು ತೊಳೆದು, ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗಿನ ಆಯಿಲ್ ಚೇಂಬರಿಗೆ ಜಾರುತ್ತವೆ. ಅಲ್ಲಿ ಎಣ್ಣೆಯ ಸ್ನಿಗ್ಧತೆ ಕುಗ್ಗುತ್ತದೆ. ಮೈಲೇಜಿಗಾಗಿ ಈಗ ಹಲವು ಕಾರುಗಳಿಗೆ ಮೊದಲೇ ತೆಳುವಾದ ಝೀರೊ ಡಬ್ಲ್ಯೂ ಟ್ವೆಂಟಿಯಂಥ ಎಣ್ಣೆ ಹಾಕುತ್ತಾರೆ. ಅದು ಇನ್ನಷ್ಟು ತೆಳುವಾದರೆ ಬೇರಿಂಗುಗಳನ್ನು ಕಾಯುವುದು ಕಷ್ಟ. ಟರ್ಬೊದ ದಂಡವಂತೂ ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗುವಂಥದ್ದು. ಅದಕ್ಕೆ ಆಧಾರ ಕೂದಲಿಗಿಂತ ತೆಳ್ಳಗಿನ ಆ ಎಣ್ಣೆಯ ಪದರವೊಂದೇ. ಪ್ರಕೃತಿ ಇದಕ್ಕೆ ಪರಿಹಾರವನ್ನೂ ಇಟ್ಟಿದೆ. ಎಣ್ಣೆ ಚೆನ್ನಾಗಿ ಕಾದು ಸಾಕಷ್ಟು ಹೊತ್ತು ಬಿಸಿಯಾಗಿಯೇ ಇದ್ದರೆ, ಸೇರಿದ ಪೆಟ್ರೋಲಿನ ಬಹುಭಾಗ ಆವಿಯಾಗಿ ಮತ್ತೆ ಇಂಜಿನ್ನಿಗೇ ಹೋಗಿ ಉರಿದುಬಿಡುತ್ತದೆ. ಬೇಕಾದದ್ದು ಸಮಯ. ಡ್ಯಾಶ್‌ಬೋರ್ಡಿನ ಮುಳ್ಳು ಹೇಳುವುದು ಕೂಲಂಟಿನ ಬಿಸಿಯನ್ನು. ಎಣ್ಣೆ ಕಾಯಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

2018ರಲ್ಲಿ ಚೀನಾದ ಉತ್ತರದ ಚಳಿ ಪ್ರಾಂತ್ಯಗಳಲ್ಲಿ ಹೋಂಡಾದ ಒಂದೂವರೆ ಲೀಟರ್ ಟರ್ಬೊ ಇಂಜಿನ್ನಿನ ಸಿಆರ್-ವಿ ಕಾರುಗಳಲ್ಲಿ ಎಣ್ಣೆಯ ಮಟ್ಟ ಏರುತ್ತಿದೆ ಎಂಬ ದೂರು ಎಷ್ಟು ಬೆಳೆಯಿತೆಂದರೆ, ಅಲ್ಲಿ ಆ ಕಾರಿನ ಮಾರಾಟವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಮುಂಬಯಿಯಲ್ಲಿ ಅಂಥ ಚಳಿ ಇಲ್ಲ ಎಂದು ನಾವು ನಿಶ್ಚಿಂತರಾಗಿರಬಹುದು. ಆದರೆ ತೊಂಬತ್ತು ಡಿಗ್ರಿಯ ಬಿಸಿಯಲ್ಲಿ ಕೆಲಸ ಮಾಡಬೇಕಾದ ಇಂಜಿನ್ನಿಗೆ ನಮ್ಮ ಇಪ್ಪತ್ತೈದು ಡಿಗ್ರಿಯ ಬೆಳಗೂ ತಣ್ಣಗೇ. ಜೊತೆಗೆ ನಮ್ಮ ಕಾರುಗಳ ದಿನಚರಿ ನೋಡಿ. ಆಫೀಸಿಗೆ ಹೋಗುವವರಿಗೆ ಲೋಕಲ್ ಟ್ರೈನ್ ಇತ್ತು. 2022ರ ಏಪ್ರಿಲ್‌ನಲ್ಲಿ ದಹಿಸರ್ ಪೂರ್ವದಿಂದ ಮೆಟ್ರೊ ಹೊರಟ ಮೇಲೆ ಕಾರಿನಲ್ಲಿ ಹೋಗುತ್ತಿದ್ದವರಲ್ಲೂ ಕೆಲವರು ಅದನ್ನು ಮನೆಯಲ್ಲೇ ಬಿಟ್ಟರು. ಒಳ್ಳೆಯದೇ ಆಯಿತು. ಆದರೆ ಕಾರಿಗೆ ಉಳಿದದ್ದು ಚೂರುಪಾರು ಕೆಲಸ: ಮಗುವನ್ನು ಶಾಲೆಗೆ ಬಿಡುವುದು, ಆನಂದನಗರದಿಂದ ಸ್ಟೇಷನ್ನಿಗೆ ಒಂದು ಸುತ್ತು, ಬೋರಿವಲಿಯ ತರಕಾರಿ ಮಾರುಕಟ್ಟೆ, ಸಂಜೆ ದೇವಸ್ಥಾನ. ಹಗುರ ವಾಹನಗಳಿಗೆ 2024ರ ಅಕ್ಟೋಬರ್‌ನಿಂದ ಟೋಲ್ ಇಲ್ಲದಿದ್ದರೂ ದಹಿಸರ್‌ನ ಚೆಕ್‌ನಾಕಾದಲ್ಲಿ ತೆವಳುವುದು ತಪ್ಪಿಲ್ಲ. ಎಣ್ಣೆ ಕಾಯುವ ಮೊದಲೇ ಕಾರು ನಿಲ್ಲುತ್ತದೆ, ಆರುತ್ತದೆ, ಮತ್ತೆ ತಣ್ಣಗೆ ಹೊರಡುತ್ತದೆ. ಡೀಸೆಲ್ ಕಾರಿನವರಿಗೂ ಇದರ ಇನ್ನೊಂದು ರೂಪ ಇದೆ. 2020ರ ಏಪ್ರಿಲ್‌ನ ಬಿಎಸ್-6 ನಿಯಮದ ನಂತರ ಬಂದ ಹೆಚ್ಚಿನ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರನ್ನು ಸುಟ್ಟು ಶುಚಿಮಾಡಲು ಇಂಜಿನ್ ಆಗಾಗ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಪದೇಪದೇ ಆ ಕೆಲಸದ ನಡುವೆಯೇ ಬಂದ್ ಮಾಡಿದರೆ ಅದರ ಪಾಲೂ ಎಣ್ಣೆಗೆ ಸೇರುತ್ತದೆ.

ಇಷ್ಟಾದರೂ ಯಜಮಾನರು ಹೇಳುವ ಮಾತು ಒಂದೇ: ವರ್ಷಕ್ಕೆ ಮೂರು ಸಾವಿರ ಕಿಲೋಮೀಟರೂ ಓಡಿಲ್ಲ, ಈಗಲೇ ಆಯಿಲ್ ಬದಲಿಸುವ ಅವಸರ ಏನು? ಓಡಿದ ದೂರವೇ ದಣಿವಿನ ಅಳತೆ ಎಂಬ ಈ ನಂಬಿಕೆ ಕಾರಿನ ವಿಷಯದಲ್ಲಷ್ಟೇ ಇದ್ದಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ಚರ್ಚ್‌ಗೇಟ್‌ನಿಂದ ಲೋಕಲ್‌ನಲ್ಲಿ ನಿಂತುಕೊಂಡೇ ಬಂದವನಿಗೆ ಮನೆಯಲ್ಲಿ ಕೂಡಲೇ ಒಂದು ಲೋಟ ನೀರು ಸಿಗುತ್ತದೆ, ಸಿಗಲೇಬೇಕು. ಅದೇ ದಿನ ಹಾಲಿಗೆ ಒಮ್ಮೆ, ಅತ್ತೆಯ ಔಷಧಕ್ಕೆ ಒಮ್ಮೆ, ಮಗುವಿನ ಬಸ್ಸಿಗೆ ಎರಡು ಸಲ, ಕೊರಿಯರಿನವನಿಗೆ ಒಮ್ಮೆ ಎಂದು ಮೆಟ್ಟಿಲು ಇಳಿದು ಹತ್ತಿದವಳನ್ನು ದಣಿದಿದ್ದೀಯಾ ಎಂದು ಯಾರೂ ಕೇಳುವುದಿಲ್ಲ. ಅವಳು ಮನೆಯಲ್ಲೇ ಇದ್ದಳಲ್ಲ! ಒಂದು ಕೆಲಸವೂ ಅವಳನ್ನು ಪೂರ್ತಿ ಹದಕ್ಕೆ ಬರಲು ಬಿಡುವುದಿಲ್ಲ. ಓದಲು ಹಿಡಿದ ಪುಸ್ತಕ ಎರಡು ಪುಟಕ್ಕೆ ನಿಲ್ಲುತ್ತದೆ, ನಿದ್ದೆ ಹತ್ತುವ ಹೊತ್ತಿಗೆ ಕರೆಗಂಟೆ ಆಗುತ್ತದೆ. ಕಾರಿನ ಕೈಪಿಡಿಗಳಿಗೆ ಈ ವಿವೇಕ ಇದೆ. ಮೇಲಿಂದ ಮೇಲೆ ಸಣ್ಣ ಓಡಾಟ, ನಿಂತು ಹೊರಡುವ ಸಂಚಾರ ಇವನ್ನು ಹಲವು ಕಂಪನಿಗಳು ಕಠಿಣ ಬಳಕೆ ಎಂದೇ ಕರೆದು, ಎಣ್ಣೆಯನ್ನು ಬೇಗ ಬದಲಿಸಲು ಹೇಳುತ್ತವೆ. ಇಂಜಿನ್ನಿಗೆ ಸಿಗುವ ಈ ಗೌರವ ಮನೆಯೊಳಗಿನ ಜೀವಕ್ಕೂ ಸಿಗಬೇಡವೇ? ಅವಳ ಇಡೀ ಮಧ್ಯಾಹ್ನವೊಂದನ್ನು ಯಾರೂ ಮುರಿಯದಂತೆ ಬಿಟ್ಟುಕೊಡುವುದು, ಔಷಧವನ್ನೂ ಹಾಲನ್ನೂ ನಾವೇ ಸಂಜೆ ಬರುವಾಗ ತರುವುದು, ಇಷ್ಟು ಯಾವ ಮನೆಗೂ ಅಸಾಧ್ಯವಲ್ಲ.

ಕಾರಿಗೂ ಮಾಡಬೇಕಾದದ್ದು ಹೆಚ್ಚೇನಿಲ್ಲ. ಸ್ಟೇಷನ್ನಿಗೂ ಮಾರುಕಟ್ಟೆಗೂ ನಡೆದೇ ಹೋಗೋಣ; ಕಾರು ತೆಗೆಯಲೇಬೇಕಾದರೆ ನಾಲ್ಕು ಕೆಲಸಗಳನ್ನು ಒಂದೇ ಸುತ್ತಿಗೆ ಸೇರಿಸೋಣ. ಬಿಸಿ ಮಾಡಲೆಂದು ಪಾರ್ಕಿಂಗ್‌ನಲ್ಲೇ ಹತ್ತು ನಿಮಿಷ ಚಾಲೂ ಇಡುವುದು ಬೇಡ. ಅದರಿಂದ ಪೆಟ್ರೋಲ್ ಇನ್ನಷ್ಟು ಇಳಿಯುತ್ತದೆ, ನೆಲಮಹಡಿಯವರ ಮನೆಗೆ ಹೊಗೆ ತುಂಬುತ್ತದೆ. ಸ್ಟಾರ್ಟ್ ಮಾಡಿ ಮೆಲ್ಲಗೆ ಹೊರಟರೆ ಇಂಜಿನ್ ಬೇಗ ಕಾಯುತ್ತದೆ. ಆಗಾಗ ಬೆಳಿಗ್ಗೆ ಬೇಗ ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ ಒಂದೇ ಹದದಲ್ಲಿ ಓಡಿಸಿದರೆ ಎಣ್ಣೆಗೆ ತನ್ನನ್ನು ತಾನು ಶುದ್ಧಮಾಡಿಕೊಳ್ಳುವ ಅವಕಾಶ. ಮೇ ತಿಂಗಳಲ್ಲಿ ಪನ್ವೇಲ್ ದಾಟಿ ಉಡುಪಿ, ಮಂಗಳೂರಿನ ಕಡೆ ಊರಿಗೆ ಹೊರಡುವವರು ಇನ್ನೊಂದು ಮಾತು ನೆನಪಿಡಬೇಕು. ವರ್ಷವಿಡೀ ಎಣ್ಣೆಯಲ್ಲಿ ಸೇರಿದ್ದ ಪೆಟ್ರೋಲಿನ ಬಹುಭಾಗ ಆ ಒಂದೇ ಪ್ರಯಾಣದಲ್ಲಿ ಆವಿಯಾಗುತ್ತದೆ. ಮನೆಯಲ್ಲಿ ತುಂಬಿದಂತೆ ಕಂಡ ಎಣ್ಣೆ ದಾರಿಯಲ್ಲಿ ಒಮ್ಮೆಲೇ ಕೆಳಗಿನ ಗುರುತಿಗೆ ಬಂದಿರಬಹುದು. ಆದ್ದರಿಂದ ಹೊರಡುವ ಮೊದಲೇ ಬದಲಿಸಿಬಿಡುವುದು ಕ್ಷೇಮ. ಬೇಗ ಬದಲಿಸಿ ಎಂದು ಹೇಳಿದ ಮೇಲೆ ಹಳೆಯ ಎಣ್ಣೆಯ ಮಾತನ್ನೂ ಹೇಳಲೇಬೇಕು. ತುಳಸಿ ಕೆರೆಯ ಕಡೆಯಿಂದ ಕಾಡಿನ ನೀರಾಗಿ ಇಳಿದು ಬರುವ ದಹಿಸರ್ ನದಿ ನಮ್ಮ ಬೀದಿಗಳನ್ನು ಸೇರುವಷ್ಟರಲ್ಲೇ ಸಾಕಷ್ಟು ನೊಂದಿದೆ; ಮೋರಿಗೆ ಸುರಿದ ಎಣ್ಣೆಯೂ ಅದನ್ನೇ ಸೇರಬಾರದು. ಬಳಸಿದ ಎಣ್ಣೆಯನ್ನು ಮರುಬಳಕೆಗೆ ಸೇರಿಸುವ ಹೊಣೆಯನ್ನು 2024ರ ಏಪ್ರಿಲ್‌ನಿಂದ ಎಣ್ಣೆ ತಯಾರಕರ ಮೇಲೂ ಸರಕಾರ ಹೊರಿಸಿದೆ. ಗ್ಯಾರೇಜಿನಲ್ಲಿ ಹಳೆಯದನ್ನು ಎಲ್ಲಿಗೆ ಕಳಿಸುತ್ತೀರಿ ಎಂದು ಕೇಳಿ. ಮೋರಿಯ ಕಡೆ ಬೆರಳು ತೋರಿಸಿದರೆ ಬೇರೆ ಗ್ಯಾರೇಜ್ ಹುಡುಕಿ.