ಕ್ರೋಧಕ್ಕೊಂದು ಕಡಿವಾಣ

ಕಾಮ, ಕ್ರೋಧ, ಲೋಭಗಳು ನರಕದ ಮೂರು ಬಾಗಿಲುಗಳೆಂದು ಭಗವದ್ಗೀತೆಯ 16ನೆಯ ಅಧ್ಯಾಯವು ಎಚ್ಚರಿಸುತ್ತದೆ. ಕ್ರೋಧವು ಎಲ್ಲರಲ್ಲಿಯೂ ಇದೆ. ಅದನ್ನು ಹಿಡಿತದಲ್ಲಿಡುವ ಶಕ್ತಿ ಮಾತ್ರ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ವಿಜಯದಶಮಿಯಂದು ನಾವು ಪೂಜಿಸುವ ಬನ್ನಿಯ ಮರದ ಕಥೆಯಲ್ಲಿಯೇ ಈ ತಾರತಮ್ಯವನ್ನು ಕಾಣಬಹುದು.

ಅಜ್ಞಾತವಾಸಕ್ಕೆ ಹೊರಟ ಪಾಂಡವರು ಆಯುಧಗಳನ್ನು ಶಮೀವೃಕ್ಷದ ಮೇಲೆ ಇರಿಸಿದರು. ಕೋಪವನ್ನು ಇರಿಸಲು ಮರವೆಲ್ಲಿದೆ? ಅದನ್ನು ಜೊತೆಯಲ್ಲಿಯೇ ಕೊಂಡೊಯ್ಯಬೇಕಾಯಿತು. ತುಂಬಿದ ಸಭೆಯಲ್ಲಿ ಕೀಚಕನು ದ್ರೌಪದಿಯನ್ನು ಒದೆದಾಗ ಭೀಮನು ಕಿಡಿಕಿಡಿಯಾದನು. ಅಣ್ಣನ ಸನ್ನೆಯೊಂದೇ ಅವನನ್ನು ತಡೆಯಿತು. ಆದರೆ ಬೆಂಕಿ ಆರಲಿಲ್ಲ. ಬಳಿಕ ನರ್ತನಶಾಲೆಯ ಕತ್ತಲಲ್ಲಿ ಕೀಚಕನ ವಧೆಯಾಯಿತು.

ಧರ್ಮರಾಯನ ಪರೀಕ್ಷೆ ಮುಂದೆ ಬಂದಿತು. ಅರ್ಜುನನು ಶಮೀವೃಕ್ಷದಿಂದ ಗಾಂಡೀವವನ್ನು ಇಳಿಸಿ ಕೌರವರನ್ನು ಗೆದ್ದ ದಿನವೇ ಅದು. ಗೆಲವೆಲ್ಲ ತನ್ನ ಮಗ ಉತ್ತರನದೆಂದು ಹಿಗ್ಗುತ್ತ ವಿರಾಟರಾಜನು ಕಂಕವೇಷದ ಧರ್ಮರಾಯನೊಡನೆ ಪಗಡೆಯಾಡುತ್ತಿದ್ದನು. ಬೃಹನ್ನಳೆಯು ಸಾರಥಿಯಾಗಿರಲು ಗೆಲವು ಸಹಜವೆಂದು ಕಂಕನು ನುಡಿದುದೇ ತಡ, ವಿರಾಟನು ದಾಳವನ್ನು ಅವನ ಮುಖಕ್ಕೆ ಎಸೆದನು. ಮೂಗಿನಿಂದ ರಕ್ತ ಸುರಿಯಿತು. ಅದು ನೆಲಕ್ಕೆ ಬೀಳದಂತೆ ಧರ್ಮರಾಯನು ಕೈಯೊಡ್ಡಿದನು. ದ್ರೌಪದಿಯು ಚಿನ್ನದ ಪಾತ್ರೆ ಹಿಡಿದಳು. ಅಷ್ಟಕ್ಕೇ ನಿಲ್ಲದೆ, ಉತ್ತರನೊಬ್ಬನನ್ನೇ ಒಳಗೆ ಬಿಡುವಂತೆ, ಬೃಹನ್ನಳೆಯನ್ನು ತಡೆಯುವಂತೆ ದ್ವಾರಪಾಲಕನ ಕಿವಿಯಲ್ಲಿ ಹೇಳಿದನು. ಯುದ್ಧದಲ್ಲಲ್ಲದೆ ಅಣ್ಣನ ರಕ್ತ ಸುರಿಸಿದವನನ್ನು ಉಳಿಸೆನೆಂಬುದು ಅರ್ಜುನನ ವ್ರತವಾಗಿತ್ತು.

ಒಂದೇ ತಾಯಿಯ ಮಕ್ಕಳಲ್ಲಿ ಎಷ್ಟು ಭೇದ! ಭೀಮನಿಗೆ ಕಡಿವಾಣ ಹೊರಗಿನಿಂದ ಬರಬೇಕು. ಅರ್ಜುನನ ಕೋಪ ವ್ರತಕ್ಕೆ ಬದ್ಧ. ಧರ್ಮರಾಯನಾದರೋ ತನ್ನ ಕೋಪವನ್ನು ನುಂಗಿ, ತಮ್ಮನ ಸ್ವಭಾವವನ್ನರಿತು ಅವನ ಕೋಪ ಕೆರಳದಂತೆಯೂ ಕಾಯ್ದನು.

ಸ್ವಭಾವಕ್ಕಾಗಿ ಯಾರನ್ನೂ ಹಳಿಯಬೇಕಾಗಿಲ್ಲ. ಅದಕ್ಕೆ ತಕ್ಕ ಕಡಿವಾಣವನ್ನು ಹುಡುಕಿಕೊಳ್ಳುವುದು ಅವರವರ ಹೊಣೆ. ಊರಿನಲ್ಲಿ ಹಿರಿಯರ ಒಂದು ಕೆಮ್ಮಿಗೆ ಅಡಗುತ್ತಿದ್ದ ಕೋಪಕ್ಕೆ ಈ ಮಹಾನಗರದಲ್ಲಿ ತಡೆಯಿಲ್ಲ. ಕಚೇರಿಯಲ್ಲಿ, ರೈಲಿನ ನೂಕುನುಗ್ಗಲಿನಲ್ಲಿ ನುಂಗಿದ ಸಿಟ್ಟು ಸಂಜೆ ಹೊಸ್ತಿಲು ದಾಟಿ ಮಡದಿ ಮಕ್ಕಳ ಮೇಲೆ ಸುರಿಯುವುದುಂಟು. ಆದುದರಿಂದ ಮುಂಗೋಪಿಯು ಮನೆಯವರ ಒಂದು ಸನ್ನೆಗೆ ಮಣಿಯುವ ವ್ರತ ತೊಡಲಿ. ಶಾಂತಸ್ವಭಾವದವರು ತಮ್ಮ ತಾಳ್ಮೆಗೆ ಹೆಮ್ಮೆಪಡದೆ, ಧರ್ಮರಾಯನಂತೆ ಇನ್ನೊಬ್ಬರ ಕಿಡಿಯನ್ನು ಕಾಯಲಿ.

ಬನ್ನಿಯನ್ನು ಕೊಟ್ಟು ಕೊಳ್ಳುವ ಈ ಶುಭದಿನ, ನಮ್ಮೊಳಗಿನ ಮಹಿಷನನ್ನು ಅಡಗಿಸುವ ಶಕ್ತಿಯನ್ನು ತಾಯಿ ಚಾಮುಂಡೇಶ್ವರಿಯು ಸಕಲರಿಗೂ ಕರುಣಿಸಲಿ.