ನಿಮಿತ್ತ, ಉಪಾದಾನ ಮತ್ತು ಕೆರೆಯ ಹೂಳು

ಮಾನವನನ್ನು ರೂಪಿಸಿದ್ದು ಅವನ ಪುರುಷಾರ್ಥವೇ ಅಥವಾ ಸುತ್ತಲಿನ ಪರಿಸರವೇ? ಪರಿಸರವೇ ಎಂದಾದರೆ ತನ್ನ ನಡತೆಗೆ ಅವನು ಎಷ್ಟರಮಟ್ಟಿಗೆ ಹೊಣೆ? ಈ ಹಳೆಯ ಪ್ರಶ್ನೆಗೆ ಭೂವಿಜ್ಞಾನಿಗಳು ಸರೋವರಗಳ ತಳದ ಹೂಳಿನಿಂದ ಹೊಸ ಸಾಕ್ಷ್ಯವನ್ನು ಒದಗಿಸಿದ್ದಾರೆ.

1947ರಲ್ಲಿ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ವೀಲರ್ ಅವರು ನೆಲವನ್ನು ಪದರಪದರವಾಗಿ ಅಗೆದು ಪ್ರಾಚೀನ ಜನವಸತಿಯ ಕ್ರಮವನ್ನು ಅರಿತರು. ಸರೋವರದ ಅಧ್ಯಯನವೂ ಇಂತಹುದೇ. ನಿಂತ ನೀರಿನ ತಳದಲ್ಲಿ ಹೂಳು ಪದರಗಳಾಗಿ ಕೂಡುತ್ತದೆ. ಕೊಳವೆಯನ್ನಿಳಿಸಿ ಆ ಪದರಗಳನ್ನು ಕ್ರಮ ಕೆಡದಂತೆ ಮೇಲೆತ್ತುತ್ತಾರೆ. ಅದರಲ್ಲಿನ ಪರಾಗವು ಅಂದಿನ ಗಿಡಮರಗಳನ್ನೂ, ಇದ್ದಿಲಿನ ಕಣಗಳು ಬೆಂಕಿಯನ್ನೂ, ಸೂಕ್ಷ್ಮ ಪಾಚಿಗಳ ಅವಶೇಷವು ನೀರಿನ ಗುಣವನ್ನೂ ತಿಳಿಸುತ್ತವೆ. ವ್ಯಾಪಾರಿಗಳ ಮಾತಿನಲ್ಲಿ ಹೇಳುವುದಾದರೆ ಇದು ಪ್ರಕೃತಿಯ ರೋಜು ಕಿರ್ದಿ.

ಪೂರ್ವ ಆಫ್ರಿಕದ ಕೀನ್ಯಾ ದೇಶದ ಓಲೋರ್ಗೆಸೈಲಿ ಪ್ರದೇಶದ ಬಳಿ 2012ರಲ್ಲಿ ರಿಚರ್ಡ್ ಪಾಟ್ಸ್ ಮತ್ತು ಸಂಗಡಿಗರು 139 ಮೀಟರ್ ಉದ್ದದ ಇಂತಹ ಹೂಳಿನ ಕಂಬವನ್ನು ತೆಗೆದರು. ಅದರಲ್ಲಿ ಸುಮಾರು 10 ಲಕ್ಷ ವರ್ಷಗಳ ದಾಖಲೆಯಿತ್ತು. ಅಲ್ಲಿಯ ಜನರು ಲಕ್ಷಾಂತರ ವರ್ಷ ಒಂದೇ ಬಗೆಯ ದಪ್ಪ ಕಲ್ಲುಕೊಡಲಿಗಳನ್ನು ಬಳಸಿದ್ದರು. ಸುಮಾರು 4 ಲಕ್ಷ ವರ್ಷಗಳ ಹಿಂದೆ ನೀರು ಮತ್ತು ಹುಲ್ಲುಗಾವಲು ಮತ್ತೆ ಮತ್ತೆ ಏರಿಳಿಯತೊಡಗಿದವು. ದೊಡ್ಡ ಮೇಯುವ ಪ್ರಾಣಿಗಳಲ್ಲಿ ಅನೇಕವು ಅಲ್ಲಿಂದ ಕಣ್ಮರೆಯಾದವು. ಸುಮಾರು 3.2 ಲಕ್ಷ ವರ್ಷಗಳ ಹಿಂದಿನ ವೇಳೆಗಾದರೋ ಮಾನವರು ಚಿಕ್ಕ, ನಯವಾದ ಆಯುಧಗಳನ್ನು ಮಾಡುತ್ತಿದ್ದರು. ದೂರದಿಂದ ಕಪ್ಪುಗಾಜಿನ ಕಲ್ಲನ್ನು ತರಿಸಿಕೊಳ್ಳುತ್ತಿದ್ದರು. ಬಣ್ಣದ ಕಲ್ಲುಗಳನ್ನೂ ಬಳಸುತ್ತಿದ್ದರು.

ಕಲ್ಪವೃಕ್ಷಗಳು ಕ್ಷೀಣಿಸಿದಾಗ ಭಗವಾನ್ ಆದಿನಾಥರು ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳನ್ನು ಕಲಿಸಿದ ಕಥೆಯನ್ನು ಬಲ್ಲವರಿಗೆ ಈ ವೃತ್ತಾಂತವು ಅಪರಿಚಿತವೆನಿಸದು. ಪುರಾಣವನ್ನು ವಿಜ್ಞಾನವೆಂದು ಸಾಧಿಸುವುದು ಇಲ್ಲಿಯ ಉದ್ದೇಶವಲ್ಲ. ಎರಡರ ದೃಷ್ಟಿಯೂ ಕಾಲಗಣನೆಯೂ ಬೇರೆ. ಆದರೆ ನಮ್ಮ ಆಚಾರ್ಯರು ಮಾಡಿದ ನಿಮಿತ್ತ ಮತ್ತು ಉಪಾದಾನಗಳ ವಿವೇಚನೆಯು ಇಲ್ಲಿ ದಾರಿ ತೋರಿಸುತ್ತದೆ. ಮಡಕೆಗೆ ಮಣ್ಣು ಉಪಾದಾನ, ಕುಂಬಾರನು ನಿಮಿತ್ತ. ಹಾಗೆಯೇ ಬದಲಾದ ಪರಿಸರವು ನಿಮಿತ್ತಮಾತ್ರ. ಒಂದೇ ನಿಮಿತ್ತದೆದುರು ಕೆಲವು ಜೀವಿಗಳು ಕಣ್ಮರೆಯಾದವು, ಮಾನವನು ಕಲಿತನು. ಕಲಿಯುವ ಶಕ್ತಿಯು ಅವನೊಳಗಿನ ಉಪಾದಾನ.

ಆದ್ದರಿಂದ "ಇದು ಪಂಚಮಕಾಲ, ನಾವೇನು ಮಾಡಲಾದೀತು?" ಎಂದು ನಾವು ಆಗಾಗ ಹೇಳುವ ಸಮಾಧಾನವು ನಿಲ್ಲುವುದಿಲ್ಲ. ಕಾಲವು ಸಂದರ್ಭವನ್ನು ಒಡ್ಡೀತು, ಆಯ್ಕೆಯು ನಮ್ಮದೇ.

ಇನ್ನೊಂದು ಮುಖವೂ ಇದೆ. ಹಂಪಿಯ ಸಮೀಪದ ಕಮಲಾಪುರ ಕೆರೆಯ ಹೂಳಿನ ಪರಾಗ ಮತ್ತು ಇದ್ದಿಲನ್ನು ಕ್ಯಾಥ್ಲೀನ್ ಮಾರಿಸನ್ ಅವರು ಪರಿಶೀಲಿಸಿ, ವಿಜಯನಗರ ಕಾಲದ ವ್ಯವಸಾಯವು ನೆಲದ ಮೇಲೆ ಮಾಡಿದ ಪರಿಣಾಮವನ್ನು 1995ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಅಲ್ಲಿ ಬರೆದವನು ಮಾನವ. ಪರಿಸರವು ನಮಗೆ ನಿಮಿತ್ತವಾದಂತೆ, ಈಗ ನಾವು ಇತರ ಜೀವಿಗಳ ಅಳಿವು ಉಳಿವಿಗೆ ನಿಮಿತ್ತರಾಗಿದ್ದೇವೆ.

ನಮ್ಮ ಸೀಮೆ ಮಳೆ ಕಡಿಮೆಯದು. 1907ರಲ್ಲಿ ಪೂರ್ಣಗೊಂಡ ಹಿರಿಯೂರಿನ ವಾಣಿವಿಲಾಸ ಸಾಗರವು 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಕೆರೆಯೇ ಊರಿನ ಜೀವ. ಮೇಲಿನ ಇಳಿಜಾರಿನಲ್ಲಿ ಮರ ಕಡಿದರೆ ಮಣ್ಣು ಕೆರೆಗಿಳಿದು ನೀರಿನ ಜಾಗವನ್ನು ನುಂಗುತ್ತದೆ.

ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕಡಿಯುವುದು ಪ್ರಮಾದಚರ್ಯೆಯೆಂದು ಶ್ರಾವಕಾಚಾರವು ಅನರ್ಥದಂಡವ್ರತದಲ್ಲಿ ಎಣಿಸಿದೆ. ಬಸದಿಗಳ ಟ್ರಸ್ಟುಗಳು ತಮ್ಮ ಜಮೀನಿನ ಇಳಿಜಾರುಗಳಲ್ಲಿ ಮರಗಳನ್ನು ಕಾಪಾಡಲಿ. ನಿರ್ಮಾಲ್ಯವು ಕೆರೆಗೆ ಬೀಳದಂತೆ ವ್ಯವಸ್ಥೆ ಮಾಡಲಿ. ಕೆರೆಯಿಂದ ತೆಗೆದ ಗೋಡುಮಣ್ಣು ರೈತರ ಹೊಲಗಳಿಗೆ ಸೇರಲಿ. ನಾವು ಇಂದು ಮಾಡಿದ್ದೆಲ್ಲವೂ ಹೂಳಿನಲ್ಲಿ ಜಮೆಯಾಗುತ್ತಿದೆ. ಆ ಲೆಕ್ಕವನ್ನು ಮುಂದಿನವರು ಓದುವರೆಂಬ ಎಚ್ಚರವು ಪ್ರತಿಯೊಬ್ಬ ಶ್ರಾವಕನಿಗೂ ಇರಲಿ.